ಹೋಟೆಲ್ ದೋಸೆ ಹೋಟೆಲಿನಲ್ಲೇ ಇರಲಿ

ಪುಣೆಯಲ್ಲಿ ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಒಂದು ಖಾನಾವಳಿ ಇದೆ. ಬೋರ್ಡಿನ ಮೇಲೆ ‘ಘರ್‌ಗುತಿ ಜೇವಣ’ ಎಂದು ದೊಡ್ಡದಾಗಿ ಬರೆಸಿದ್ದಾರೆ. ಮನೆ ಊಟ ಅಂತ ಅರ್ಥ. ನನ್ನ ಅಡುಗೆ ನಿಮ್ಮ ಮನೆಯ ಅಡುಗೆಯ ಹಾಗೇ ಇದೆ ಬನ್ನಿ ಎಂದು ಹೋಟೆಲಿನವನು ಕರೆಯುತ್ತಾನೆ. ಸಂಜೆ ಮನೆಗೆ ಬಂದು ಫೋನ್ ತೆಗೆದರೆ ಅಲ್ಲಿ ತದ್ವಿರುದ್ಧ. ‘ಹೋಟೆಲ್ ಸಾಂಬಾರ್ ಮನೆಯಲ್ಲೇ’, ‘ಹೋಟೆಲಿನವರು ಯಾರಿಗೂ ಹೇಳದ ಮಸಾಲೆ ದೋಸೆಯ ಗುಟ್ಟು’, ‘ಇನ್ನು ಮೇಲೆ ಹೋಟೆಲಿಗೆ ಹೋಗುವುದೇ ಬೇಡ’. ಹೋಟೆಲಿಗೆ ಮನೆಯಾಗುವ ಆಸೆ, ಮನೆಗೆ ಹೋಟೆಲಾಗುವ ಆಸೆ. ಮೊದಲನೆಯದರ ಬಗ್ಗೆ ನನ್ನ ತಕರಾರಿಲ್ಲ, ಅದು ವ್ಯಾಪಾರ. ಎರಡನೆಯದರ ಜೊತೆ ಜಗಳ ತೆಗೆಯಲೆಂದೇ ಇದನ್ನು ಬರೆಯುತ್ತಿದ್ದೇನೆ.

ಊರು ಬಿಟ್ಟ ನಮಗೆ ಈ ರೋಗ ಸ್ವಲ್ಪ ಹೆಚ್ಚು. ನಾಲ್ಕು ಜನ ಕನ್ನಡದವರು ಪುಣೆಯಲ್ಲೋ ಹೈದರಾಬಾದಿನಲ್ಲೋ ಒಂದು ಮನೆಯಲ್ಲಿ ಸೇರಲಿ, ಅರ್ಧ ಗಂಟೆಯೊಳಗೆ ಮಾತು ದೋಸೆಗೆ ಬರುತ್ತದೆ. ಇಲ್ಲಿಯವರಿಗೆ ದೋಸೆ ಮಾಡಲಿಕ್ಕೆ ಬರುವುದಿಲ್ಲ, ಸಾಂಬಾರಿಗೆ ಬೆಲ್ಲ ಸುರಿಯುತ್ತಾರೆ, ಚಟ್ನಿ ನೀರು ನೀರು. ಕೊನೆಗೆ ಒಬ್ಬ ಗಂಡಸು ಎದೆಯುಬ್ಬಿಸಿ ಹೇಳುತ್ತಾನೆ: ‘ನಾವಂತೂ ಈಗ ಮನೆಯಲ್ಲೇ ಮಾಡ್ತೀವಿ. ಥೇಟ್ ನಮ್ಮೂರ ಹೋಟೆಲ್ ದೋಸೆ.’ ಎರಡು ವರ್ಷ ಹಾಗೆ ಹೇಳುತ್ತಿದ್ದ ಗಂಡಸು ನಾನೇ. ಆದ್ದರಿಂದ ಈ ಜಗಳದ ಮುಕ್ಕಾಲು ಪಾಲು ನನ್ನ ಜೊತೆಗೇ ಎಂದು ತಿಳಿಯಿರಿ. ಉಳಿದ ಕಾಲು ಪಾಲಿನಲ್ಲಿ ನೀವೂ ಇದ್ದರೆ ಬೇಸರ ಮಾಡಿಕೊಳ್ಳಬೇಡಿ.

ನನ್ನೂರು ತಿಪಟೂರು. ಕೊಬ್ಬರಿಯ ಊರು. ಅಪ್ಪ ಕೊಬ್ಬರಿ ಹಾಕಲು ಮಾರುಕಟ್ಟೆಗೆ ಹೋದ ದಿನ ನನ್ನನ್ನೂ ಕರೆದುಕೊಂಡು ಹೋದರೆ, ಲೆಕ್ಕ ಮುಗಿದ ಮೇಲೆ ಒಂದು ಹೋಟೆಲಿಗೆ ಹೋಗುವುದು ರೂಢಿ. ಗಾಜಿನ ಗೂಡಿನಲ್ಲಿ ಮೈಸೂರು ಪಾಕು, ಗಲ್ಲಾದ ಹಿಂದೆ ದೇವರ ಪಟ, ಒಳಗಡೆ ಹೊಗೆ ಹಿಡಿದ ಗೋಡೆ. ಅಲ್ಲಿನ ಮಸಾಲೆ ದೋಸೆ ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದು, ಅಂಚು ಗರಿ ಗರಿ, ನಡುವೆ ಮೆತ್ತಗೆ, ಹೊರಗೆ ಕಂದು ಬಣ್ಣ, ಒಳಗೆ ಬೆಳ್ಳುಳ್ಳಿ ಹಾಕಿದ ಕೆಂಪು ಚಟ್ನಿ, ಅದರ ಮೇಲೆ ಆಲೂಗಡ್ಡೆ ಪಲ್ಯ. ವರ್ಷಕ್ಕೆ ಒಂದೆರಡು ಸಲ, ಸೀರೆ ತರಲೋ ಆಸ್ಪತ್ರೆಗೋ ಅಮ್ಮ ಪೇಟೆಗೆ ಬಂದಾಗ, ಅವಳೂ ಅಲ್ಲಿಗೆ ಬರುತ್ತಿದ್ದಳು. ಅಮ್ಮ ಅಲ್ಲಿ ದೋಸೆ ತಿನ್ನುವ ರೀತಿ ನನಗೆ ಚೆನ್ನಾಗಿ ನೆನಪಿದೆ. ಅವಸರವಿಲ್ಲದೆ, ಅಂಚಿನಿಂದ ಚೂರು ಚೂರೇ ಮುರಿದು, ಕೊನೆಯ ತುಂಡಿನಿಂದ ತಟ್ಟೆಯ ಚಟ್ನಿ ಬಳಿದು. ಮನೆಯಲ್ಲಿ ಅವಳು ಹಾಗೆ ತಿಂದದ್ದನ್ನು ನೋಡಿರಲಿಲ್ಲ. ಯಾಕೆ ಎಂದು ಆಗ ಯೋಚಿಸುವ ವಯಸ್ಸಲ್ಲ. ಯೋಚಿಸಬೇಕಾದ ವಯಸ್ಸಿನಲ್ಲೂ ಯೋಚಿಸಲಿಲ್ಲ.

ಕೆಲಸ ಸಿಕ್ಕಿ ಪುಣೆಗೆ ಬಂದೆ, ಮದುವೆಯಾಯಿತು, ಸ್ವಂತ ಅಡುಗೆಮನೆ ಆಯಿತು. ಆಮೇಲೆ ಶುರುವಾಯಿತು ಹುಡುಕಾಟ. ಮೊದಲು ಅಳತೆ. ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ ಎಂದು ಒಬ್ಬರು. ಅಲ್ಲ, ಕಡಲೆಬೇಳೆ ಹಾಕಿದರೇ ಬಣ್ಣ ಎಂದು ಇನ್ನೊಬ್ಬರು. ಅವಲಕ್ಕಿ ಎಂದು ಮೂರನೆಯವರು. ಹುಯ್ಯುವ ಮೊದಲು ಚಿಟಿಕೆ ಸಕ್ಕರೆ, ಒಂದು ಹಿಡಿ ಚಿರೋಟಿ ರವೆ ಎಂದು ಮತ್ತೊಬ್ಬರು. ಎಲ್ಲವನ್ನೂ ಮಾಡಿದ್ದಾಯಿತು. ಮಿಕ್ಸಿ ಬಿಸಿಯಾಗಿ ಹಿಟ್ಟು ಕೆಡುತ್ತದೆ ಎಂದು ವೆಟ್ ಗ್ರೈಂಡರ್ ಬಂತು. ನಾನ್‌ಸ್ಟಿಕ್ ಹೋಗಿ ಬೀಡಿನ ಕಾವಲಿ ಬಂತು. ಡಿಸೆಂಬರಿನ ಪುಣೆಯ ಚಳಿಯಲ್ಲಿ ಹಿಟ್ಟು ಹುದುಗು ಬರದೆ ಕಲ್ಲಿನ ಹಾಗೆ ಕೂತಾಗ, ಓವನ್ನಿನ ಒಳಗೆ ದೀಪ ಉರಿಸಿ ಪಾತ್ರೆಯನ್ನು ಅಲ್ಲಿ ಮಲಗಿಸಿದ್ದಾಯಿತು. ಮಗುವಿಗೆ ಜ್ವರ ಬಂದರೂ ರಾತ್ರಿ ಅಷ್ಟು ಸಲ ಎದ್ದು ನೋಡಿರಲಿಲ್ಲ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ದೋಸೆ ಒಳ್ಳೆಯದೇ ಬರುತ್ತಿತ್ತು. ಹೋಟೆಲ್ ದೋಸೆ ಮಾತ್ರ ಬರುತ್ತಿರಲಿಲ್ಲ.

ಯಾಕೆ ಬರಲಿಲ್ಲ ಎನ್ನುವುದಕ್ಕೆ ಯಾವ ಗುಟ್ಟೂ ಬೇಕಾಗಿಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಜನ ಇಂಜಿನಿಯರುಗಳು, ಪಿಯುಸಿಯ ಭೌತಶಾಸ್ತ್ರ ಸಾಕು. ದೋಸೆ ಹಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಒಂದು ಸೌಟು ಹಿಟ್ಟು ಕಾವಲಿಯ ಮೇಲೆ ಬಿದ್ದ ತಕ್ಷಣ ಅದು ಆ ಶಾಖವನ್ನೆಲ್ಲ ಕಾವಲಿಯಿಂದಲೇ ಎಳೆದುಕೊಳ್ಳುತ್ತದೆ. ಮನೆಯ ಕಾವಲಿಯ ದಪ್ಪ ಮೂರು ನಾಲ್ಕು ಮಿಲಿಮೀಟರ್. ಅದರಲ್ಲಿ ಎಷ್ಟು ಶಾಖ ಕೂಡಿಟ್ಟಿರಲು ಸಾಧ್ಯ? ಹಿಟ್ಟು ಬಿದ್ದ ಕೂಡಲೇ ಅದು ತಣ್ಣಗಾಗುತ್ತದೆ, ದೋಸೆ ಹುರಿಯುವ ಬದಲು ಬೇಯುತ್ತದೆ. ಹೋಟೆಲಿನ ಕಬ್ಬಿಣದ ಹಲಗೆ ಹೆಬ್ಬೆರಳಿನಷ್ಟು ದಪ್ಪ, ಮಂಚದಷ್ಟು ಅಗಲ, ಬೆಳಗಿನ ಐದು ಗಂಟೆಯಿಂದ ಕೆಳಗೆ ಬೆಂಕಿ. ಆರು ದೋಸೆ ಒಟ್ಟಿಗೆ ಹುಯ್ದರೂ ಅದಕ್ಕೆ ಅಷ್ಟಾಗಿ ಲೆಕ್ಕವಿಲ್ಲ. ದೋಸೆಯ ಕಂದು ಬಣ್ಣಕ್ಕೆ ಕಾರಣವಾದ ರಾಸಾಯನಿಕ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿ ಬೇಕು. ನೀರು ಇರುವಷ್ಟು ಹೊತ್ತೂ ಮೇಲ್ಮೈ 100 ದಾಟುವುದಿಲ್ಲ. ಯಾರು ಬೇಗ ನೀರು ಓಡಿಸುತ್ತಾರೋ ಅವರಿಗೆ ಆ ಬಣ್ಣ.

ಆಮೇಲೆ ಆ ಹಲಗೆಯ ಮೈ. ವರ್ಷಗಟ್ಟಲೆ ಎಣ್ಣೆ ಸುಟ್ಟು ಸುಟ್ಟು ಅದರ ಮೇಲೊಂದು ಕಪ್ಪು ಪದರ ಕೂತಿರುತ್ತದೆ. ನಡುನಡುವೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಒಂದು ಸಲ ಗುಡಿಸಿ, ಹದಕ್ಕೆ ತಂದು ಹಿಟ್ಟು ಹರಡುತ್ತಾರೆ. ಆ ನೀರು ಚಿಮುಕಿಸುವುದು ಶಾಸ್ತ್ರಕ್ಕಲ್ಲ; ಹಲಗೆ ಅತಿಯಾಗಿ ಕಾದಿದ್ದರೆ ಹಿಟ್ಟು ಸೌಟಿಗೇ ಅಂಟಿ ಎದ್ದುಬರುತ್ತದೆ. ನಾನ್‌ಸ್ಟಿಕ್ಕಿನ ಮೇಲೆ ಇದರ ವಿರುದ್ಧದ ಫಜೀತಿ, ಹಿಟ್ಟಿಗೆ ಹಿಡಿತವೇ ಸಿಗದೆ ಸೌಟಿನ ಜೊತೆ ಜಾರುತ್ತದೆ. ಅದನ್ನು 260 ಡಿಗ್ರಿ ಮೀರಿ ಕಾಯಿಸುವುದೂ ಒಳ್ಳೆಯದಲ್ಲ. ಇನ್ನೊಂದು ಮಾತು. ಹೋಟೆಲಿನಲ್ಲಿ ಹಿಟ್ಟು ಕಾಯುತ್ತಾ ಕೂರುವುದಿಲ್ಲ. ಗಿರಾಕಿಗಳು ಬರುತ್ತಲೇ ಇರುತ್ತಾರೆ, ಕೊಳಗ ಖಾಲಿಯಾಗುತ್ತಲೇ ಇರುತ್ತದೆ. ಮನೆಯಲ್ಲಿ ಭಾನುವಾರ ರುಬ್ಬಿದ ಹಿಟ್ಟು ಫ್ರಿಜ್ಜಿನಲ್ಲಿ ಬುಧವಾರದವರೆಗೆ ಹುಳಿಯಾಗುತ್ತಾ ಕೂತಿರುತ್ತದೆ. ಅಂದರೆ ಹೋಟೆಲ್ ದೋಸೆಯ ಸಾಮಗ್ರಿಗಳ ಪಟ್ಟಿಯಲ್ಲಿ ಅಕ್ಕಿ, ಉದ್ದು, ಮೆಂತ್ಯದ ಜೊತೆಗೆ ಒಂದು ದಪ್ಪ ಹಲಗೆ, ನಿಲ್ಲದ ಬೆಂಕಿ, ಇನ್ನೂರು ಜನ ಹಸಿದವರು ಮತ್ತು ಅದರ ಮುಂದೆ ಎಂಟು ತಾಸು ನಿಲ್ಲುವ ಒಬ್ಬ ಮನುಷ್ಯ ಎಂದು ಬರೆಯಬೇಕು. ಇದನ್ನೆಲ್ಲ ಬಿಟ್ಟು ಚಿಟಿಕೆ ಸಕ್ಕರೆಯನ್ನು ಗುಟ್ಟು ಎಂದು ಮಾರುವವರ ಮೇಲೆ ನನಗೆ ಸಿಟ್ಟು.

ಸಿಟ್ಟು ಯಾಕೆಂದರೆ, ‘ಗುಟ್ಟು’ ಎಂದ ಕೂಡಲೇ ಆ ಮನುಷ್ಯ ಕಾಣದಾಗುತ್ತಾನೆ. ಅವನ ಹತ್ತಿರ ಇರುವುದು ಕೈಯ ಕೆಲಸ ಅಲ್ಲವೇ ಅಲ್ಲ, ನಮ್ಮಿಂದ ಬಚ್ಚಿಟ್ಟ ಒಂದು ಚೀಟಿ ಅಷ್ಟೇ, ಅದು ಸಿಕ್ಕರೆ ನಾವೂ ಅವನೂ ಒಂದೇ ಎನ್ನುವ ಧ್ವನಿ ಅದರಲ್ಲಿದೆ. ನಾವು ನಮ್ಮ ನಮ್ಮ ಕೆಲಸದ ಬಗ್ಗೆ ಯಾರಾದರೂ ಹಾಗೆ ಅಂದರೆ ಸುಮ್ಮನಿರುತ್ತೇವೆಯೇ? ‘ಸಾಫ್ಟ್‌ವೇರ್ ಬರೆಯುವುದರಲ್ಲಿ ಏನಿದೆ, ಮೂರು ಗುಟ್ಟು ಗೊತ್ತಿದ್ದರೆ ಸಾಕು’ ಎಂದು ನನ್ನ ಭಾವ ಒಂದು ಮದುವೆಮನೆಯಲ್ಲಿ ಅಂದಾಗ ನಾನು ಊಟ ಬಿಟ್ಟು ವಾದಕ್ಕೆ ನಿಂತಿದ್ದೆ.

ನಮ್ಮ ಬಡಾವಣೆಯ ಮೂಲೆಯ ಹೋಟೆಲಿನಲ್ಲಿ ದೋಸೆ ಹುಯ್ಯುವವನು ಒಡಿಶಾದ ಗಂಜಾಂ ಕಡೆಯವನು. ಹದಿನಾರನೇ ವಯಸ್ಸಿಗೆ ಮುಂಬೈಗೆ ಬಂದು, ಅಂಧೇರಿಯ ಒಂದು ಹೋಟೆಲಿನಲ್ಲಿ ಕುಂದಾಪುರದ ಭಟ್ಟರ ಕೈಕೆಳಗೆ ಪಾತ್ರೆ ತೊಳೆಯುವುದರಿಂದ ಶುರುಮಾಡಿದನಂತೆ. ಎರಡು ವರ್ಷ ಆದ ಮೇಲೆ ಹಲಗೆ ಮುಟ್ಟಲು ಬಿಟ್ಟರಂತೆ. ಅವನಿಗೆ ಬರುವ ಕನ್ನಡವೆಲ್ಲ ಅಡುಗೆಮನೆಯದು: ಖಾಲಿ ದೋಸೆ, ಬೇಗ, ನೀರು, ಮುಗೀತು. ಹಲಗೆಯ ಕಡೆಯ ಅವನ ಬಲಗೈಯ ಮೇಲೆ ಎಣ್ಣೆ ಸಿಡಿದ ಕಲೆಗಳು ಮಣಿಕಟ್ಟಿನಿಂದ ಮೊಣಕೈವರೆಗೆ. ನಿಂತು ನಿಂತು ಕಾಲಿನ ನರಗಳು ಉಬ್ಬಿವೆ. ಊರಿಗೆ ಹೋದಾಗ ಮನೆಯವರಿಗೆ ದೋಸೆ ಮಾಡಿ ಹಾಕುತ್ತೀಯಾ ಎಂದು ಕೇಳಿದೆ. ನಕ್ಕುಬಿಟ್ಟ. ‘ಅಲ್ಲಿ ಇಂಥ ಹಲಗೆ ಎಲ್ಲಿದೆ, ಗಿರಾಕಿ ಎಲ್ಲಿದ್ದಾರೆ? ಊರಲ್ಲಿ ನಾನು ಪಖಾಳ ತಿಂದು ಮಲಗುತ್ತೇನೆ’ ಎಂದ. ನೀರಲ್ಲಿ ನೆನೆಹಾಕಿದ ಅನ್ನ ಅದು, ನಮ್ಮ ತಂಗಳನ್ನದ ಹಾಗೆ. ನೂರಾರು ದೋಸೆ ಹುಯ್ಯುವವನಿಗೇ ಮನೆಯಲ್ಲಿ ಹೋಟೆಲ್ ದೋಸೆ ಮಾಡುವ ಹುಚ್ಚಿಲ್ಲ. ಅವನಿಗಿಂತ ಚೆನ್ನಾಗಿ ಆ ದೋಸೆಯನ್ನು ಬಲ್ಲವನಂತೆ ನಾನು ಮೆರೆಯುತ್ತಿದ್ದೆ. ‘ಇಲ್ಲಿಯವರಿಗೆ ದೋಸೆ ಬರುವುದಿಲ್ಲ’ ಎಂದು ಇನ್ನೊಮ್ಮೆ ಹೇಳುವ ಮೊದಲು ಆ ಕೈಯನ್ನು ನೆನೆಯಬೇಕು.

ಅವನ ಹಾದಿ ಹೊಸದೇನೂ ಅಲ್ಲ. ಒಂದು ಕಾಲಕ್ಕೆ ಅದೇ ಹಾದಿಯಲ್ಲಿ ನಡೆದವರು ನಮ್ಮ ಕರಾವಳಿಯ ಹುಡುಗರು. ಮುಂಬೈಯ ಕನ್ನಡಿಗರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ಎತ್ತಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ತೂಕಡಿಸುತ್ತಾ ಓದಿದವರ ಮಕ್ಕಳು ಮೊಮ್ಮಕ್ಕಳು ಈ ಪತ್ರಿಕೆಯ ಓದುಗರಲ್ಲೂ ಇದ್ದಾರು. ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಶುರುವಾಯಿತು. ಕಡಂದಲೆಯ ಕೃಷ್ಣರಾಯರು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಕಾರ್ಕಳದಿಂದ ಹುಡುಗನಾಗಿದ್ದಾಗಲೇ ಮನೆ ಬಿಟ್ಟ ಜಯರಾಮ ಬನಾನ್, ಪನ್ವೇಲಿನ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು, 1986ರಲ್ಲಿ ದೆಹಲಿಯ ಡಿಫೆನ್ಸ್ ಕಾಲೊನಿಯಲ್ಲಿ ಸಾಗರ್ ತೆರೆದರು. ಹೆಸರು ಮಾಡಿದವರು ಬೆರಳೆಣಿಕೆ. ಹೆಸರಿಲ್ಲದೆ, ಊರಿಗೆ ಮನಿಯಾರ್ಡರ್ ಕಳಿಸುತ್ತಾ ಒಲೆಯ ಮುಂದೆಯೇ ಮುದುಕರಾದವರು ಎಷ್ಟು ಮಂದಿಯೋ. ಪರವೂರಿನಲ್ಲಿ ನಮಗೆ ದೋಸೆ ಸಿಗುವಂತೆ ಮಾಡಿದವರು ಅವರು. ನಮಗಿಂತ ಮೊದಲು ಊರು ಬಿಟ್ಟವರು, ನಮಗಿಂತ ಕಷ್ಟದಲ್ಲಿ ಬಿಟ್ಟವರು.

ಇನ್ನು ಮನೆಯ ಒಳಗಿನ ಮಾತು. ಇದನ್ನು ಬರೆಯಲು ನನಗೆ ಅಷ್ಟು ಖುಷಿಯಿಲ್ಲ.

‘ನಾವು ಮನೆಯಲ್ಲೇ ಮಾಡ್ತೀವಿ’ ಎನ್ನುವ ವಾಕ್ಯದಲ್ಲಿ ‘ನಾವು’ ಯಾರು? ನನ್ನ ಮನೆಯ ಲೆಕ್ಕ ಒಪ್ಪಿಸುತ್ತೇನೆ. ಶನಿವಾರ ಬೆಳಿಗ್ಗೆ ಅಕ್ಕಿ, ಉದ್ದು ತೊಳೆದು ನೆನೆಹಾಕುವವಳು ಹೆಂಡತಿ. ಸಂಜೆ ರುಬ್ಬುವವಳು, ಗ್ರೈಂಡರಿನ ಕಲ್ಲು ಎತ್ತಿ ತೊಳೆಯುವವಳು ಅವಳು. ಭಾನುವಾರ ಆಲೂಗಡ್ಡೆ ಬೇಯಿಸಿ, ಈರುಳ್ಳಿ ಹೆಚ್ಚಿ, ಎರಡು ಥರದ ಚಟ್ನಿ ರುಬ್ಬಿ, ಸಾಂಬಾರ್ ಕುದಿಸುವವಳೂ ಅವಳು. ನಾನು? ನಾನು ಕಾವಲಿಯ ಮುಂದೆ ನಿಂತು, ಶಾಖ ನೋಡಿ, ನೀರು ಚಿಮುಕಿಸಿ, ಮೊದಲ ಎರಡು ದೋಸೆ ಹುಯ್ದು, ಫೋಟೋ ತೆಗೆದು, ‘ಹೇಗಿದೆ?’ ಎಂದು ಕೇಳುತ್ತಿದ್ದೆ. ಆಮೇಲೆ ನೆಂಟರು ಕರೆದರು ಎಂದು ಹೊರಗೆ ಬಂದು ಕೂರುತ್ತಿದ್ದೆ. ಸೌಟು ಅವಳ ಕೈಗೆ ಹೋಗುತ್ತಿತ್ತು. ನಾಲ್ಕು ಜನಕ್ಕೆ ತಲಾ ಎರಡು ಅಂದರೂ ಎಂಟು ದೋಸೆ, ಒಂದೊಂದಕ್ಕೆ ನಾಲ್ಕು ನಿಮಿಷ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಬ್ಬರು ನಿಂತೇ ಇರಬೇಕು. ದೋಸೆ ಎರಡು ಮೂರು ನಿಮಿಷದಲ್ಲಿ ಮೆತ್ತಗಾಗುವ ತಿಂಡಿ, ಮಾಡಿಟ್ಟು ಒಟ್ಟಿಗೆ ಕೂತು ತಿನ್ನುವ ಹಾಗಿಲ್ಲ. ಹಾಗಾಗಿ ಹುಯ್ಯುವವರು ಎಲ್ಲರ ಜೊತೆ ತಿನ್ನಲಾರರು. ಕೊನೆಗೆ, ತಳದ ಹಿಟ್ಟಿನದ್ದು, ಉಳಿದ ಪಲ್ಯದ ಜೊತೆ, ನಿಂತುಕೊಂಡೇ.

ನನ್ನ ಹೆಂಡತಿ ಧಾರವಾಡದವಳು. ಅವಳಿಗೂ ಕೆಲಸವಿದೆ, ನನ್ನಷ್ಟೇ ಹೊತ್ತು. ಮಸಾಲೆ ದೋಸೆ ಅವಳ ಬಾಲ್ಯದ ತಿಂಡಿಯೂ ಅಲ್ಲ. ನನ್ನ ಊರಿನ ನೆನಪನ್ನು ರುಬ್ಬಿ ಹುದುಗಿಸುವ ಕೆಲಸ ಅವಳ ತಲೆಗೆ ಬಿದ್ದಿತ್ತು. ಒಂದು ದಿನ ಗ್ರೈಂಡರ್ ತೊಳೆಯುತ್ತಾ ಹೇಳಿದಳು: ‘ನಮ್ಮ ಊರಾಗ ಲೈನ್ ಬಜಾರದ ಪೇಢೆ ಅಂದ್ರ ಜೀವ ಬಿಡ್ತಾರ. ಆದ್ರ ಯಾರರ ಮನಿಯಾಗ ಪೇಢೆ ಮಾಡಾಕ ಹೋಗ್ತಾರೇನ್ರಿ? ತರಸೂದು, ತಿನ್ನೂದು. ನಿಮಗ ಹೋಟೆಲ್ ದೋಸಿ ಬೇಕಂದ್ರ ಹೋಟೆಲ್‌ಗೆ ಹೋಗೂಣು. ನನಗೂ ಒಂದು ಕಡೆ ಕೂಡೂದು ಬೇಕಾಗೇದ.’ ನಾನು ನಕ್ಕೆ. ಅವಳು ನಗಲಿಲ್ಲ.

ನಿಮ್ಮ ಮನೆಯಲ್ಲಿ ಹೀಗಿಲ್ಲ ಎಂದರೆ ಸಂತೋಷ. ಆದರೆ ಒಂದು ಸಲ ಎಣಿಸಿ ನೋಡಿ, ನಿಮ್ಮ ಮನೆಯಲ್ಲಿ ಗ್ರೈಂಡರ್ ತೊಳೆಯುವವರು ಯಾರು ಎಂದು.

ಈಗ ನೀವು ಎದುರು ಹೇಳಬಹುದಾದ ಮಾತುಗಳಿಗೆ ಬರುತ್ತೇನೆ. ಮೊದಲನೆಯದು ಚೊಕ್ಕಟ. ಹೋಟೆಲಿನ ಎಣ್ಣೆ ಎಂಥದೋ, ನೀರು ಎಂಥದೋ, ಬೆಣ್ಣೆ ಎಂದು ಹಾಕುವುದು ಬೆಣ್ಣೆಯೇ ಹೌದೋ. ಒಪ್ಪಿದೆ, ಅನುಮಾನ ಬರುವ ಹೋಟೆಲಿಗೆ ಹೋಗಬೇಡಿ. ಆದರೆ ಚೊಕ್ಕಟವಾದ ದೋಸೆ ಬೇಕಿದ್ದರೆ ಮನೆಯ ದೋಸೆ ಮಾಡಿ. ಅದನ್ನೇ ಹೋಟೆಲಿನ ಹಾಗೆ ಮಾಡಲು ಅಷ್ಟೇ ಎಣ್ಣೆ, ಅಷ್ಟೇ ಬೆಣ್ಣೆ ಸುರಿಯುವುದಾದರೆ ಆರೋಗ್ಯದ ಮಾತು ಎಲ್ಲಿ ಉಳಿಯಿತು?

ಎರಡನೆಯದು ದುಡ್ಡು. ಇದು ನಿಜವಾದ ಮಾತು, ಮುಖ್ಯವಾಗಿ ಓದುವ ಹುಡುಗರ ಮಟ್ಟಿಗೆ. ಪುಣೆಯಲ್ಲಿ ಸಾಧಾರಣ ಹೋಟೆಲಿನ ಮಸಾಲೆ ದೋಸೆಗೇ ನೂರು ರೂಪಾಯಿಯ ಆಸುಪಾಸು. ನಾನು ಪೇಯಿಂಗ್ ಗೆಸ್ಟ್ ಆಗಿದ್ದಾಗ ತಿಂಗಳ ಕೊನೆಯಲ್ಲಿ ಆ ಬೋರ್ಡ್ ನೋಡಿ ಮುಂದೆ ನಡೆದವನೇ. ಕೊಠಡಿಯಲ್ಲಿ ಇಂಡಕ್ಷನ್ ಒಲೆಯ ಮೇಲೆ, ಪ್ಯಾಕೆಟ್ ಹಿಟ್ಟಿನಲ್ಲಿ ದೋಸೆ ಹುಯ್ದುಕೊಳ್ಳುವ ಹುಡುಗನ ಮೇಲೆ ನನ್ನ ಜಗಳವಿಲ್ಲ. ಅವನು ಹಸಿವಿಗೆ ಮಾಡುತ್ತಿದ್ದಾನೆ, ಮಾಡುವವನೂ ತಿನ್ನುವವನೂ ತೊಳೆಯುವವನೂ ಅವನೇ. ನನ್ನ ಜಗಳ ಸಂಬಳ ಬರುವ ನಮ್ಮ ಜೊತೆ. ಪಿಜ್ಜಾಕ್ಕೆ ನಾಲ್ಕುನೂರು ಕೊಡುವಾಗ ಮಾತಾಡದ ನಾವು, ದೋಸೆಗೆ ನೂರಿಪ್ಪತ್ತು ಎಂದಾಗ ‘ಅಕ್ಕಿ, ಉದ್ದಿಗೆ ಇಷ್ಟೊಂದೇ? ಮನೆಯಲ್ಲಿ ಹದಿನೈದು ರೂಪಾಯಿಗೆ ಆಗುತ್ತೆ’ ಎನ್ನುತ್ತೇವೆ. ಆ ಹದಿನೈದು ರೂಪಾಯಿಯ ಲೆಕ್ಕದಲ್ಲಿ ಹೆಂಡತಿಯ ಶನಿವಾರ ಸೊನ್ನೆ, ಹೋಟೆಲಿನವನ ಕಾಲಿನ ನರವೂ ಸೊನ್ನೆ.

ದೋಸೆಗೆ ನ್ಯಾಯವಾದ ಬೆಲೆ ಕೊಡಲು ನಾವು ಹಿಂದೆಮುಂದೆ ನೋಡುವುದು ಹಳೆಯ ಕತೆ. 1924ರಲ್ಲಿ ಶುರುವಾದ ಬೆಂಗಳೂರಿನ ಎಂ.ಟಿ.ಆರ್.ನ ಚರಿತ್ರೆಯಲ್ಲೇ ಇದಕ್ಕೊಂದು ಪುರಾವೆ ಇದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳನ್ನು ಅಗ್ಗದ ದರಕ್ಕೇ ಮಾರಬೇಕು ಎಂದು ಸರಕಾರ ಕಟ್ಟುಮಾಡಿತು. ಗುಣ ಇಳಿಸದೆ ಆ ದರಕ್ಕೆ ಮಾರಿದರೆ ನಷ್ಟ. ಹೋಟೆಲಿನ ಬಾಗಿಲು ಹಾಕಬೇಕಾಯಿತು. ಇದ್ದ ಕೆಲಸಗಾರರಿಗೆ ಕೆಲಸ ಬೇಕಲ್ಲ, ತಿಂಡಿಯ ಬದಲು ತಿಂಡಿಯ ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರುವ ಕಡೆಗೆ ಅವರು ಹೊರಳಿದರು. ಇವತ್ತು ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿ ಕೂತಿರುವ ರೆಡಿ ಮಿಕ್ಸುಗಳಿಗೆ ಹೀಗೊಂದು ಹುಟ್ಟಿನ ಕತೆಯೂ ಇದೆ. ಹೋಟೆಲ್ ಮನೆಗೆ ಬಂದದ್ದು ಹೋಟೆಲು ಮುಚ್ಚಿದಾಗ. ಮನೆಯಲ್ಲೇ ಎಲ್ಲ ಆಗುತ್ತದೆ ಎನ್ನುವವರು ಇದನ್ನು ನೆನಪಿನಲ್ಲಿಟ್ಟರೆ ಒಳ್ಳೆಯದು. ನಾವೆಲ್ಲ ಮನೆಯಲ್ಲೇ ಮಾಡಿಕೊಂಡರೆ ಮೂಲೆಯ ಹೋಟೆಲಿನವನು ಹಲಗೆ ಮಾರಿ ಮೊಬೈಲ್ ಅಂಗಡಿ ಇಡುತ್ತಾನೆ. ಆಮೇಲೆ ನಕಲು ಮಾಡಲು ಅಸಲೂ ಇರುವುದಿಲ್ಲ.

ಮೂರನೆಯದು, ಅಡುಗೆ ಮಾಡುವುದೇ ಒಂದು ಸಂತೋಷ ಎನ್ನುವ ಮಾತು. ನಿಜ, ನನಗೂ ಅದು ಸಂತೋಷ. ಕಾವಲಿ ಚುಂಯ್ ಎನ್ನುವುದನ್ನು ಕೇಳಿದರೆ ಈಗಲೂ ಮನಸ್ಸು ಅರಳುತ್ತದೆ. ಆದರೆ ಸಂತೋಷಕ್ಕೆ ಮಾಡುವವನು ಪೂರ್ತಿ ಮಾಡಲಿ. ನೆನೆಹಾಕುವುದರಿಂದ ತೊಳೆದಿಡುವವರೆಗೆ. ನಡುವಿನ ಐದು ನಿಮಿಷ ಮಾತ್ರ ನನ್ನದು ಎಂದರೆ ಅದು ಅಡುಗೆಯಲ್ಲ, ಮೆರವಣಿಗೆ.

ಕಳೆದ ವರ್ಷ ಅಮ್ಮ ಪುಣೆಗೆ ಬಂದಳು. ಅಪ್ಪ ಹೋದ ಮೇಲೆ ಮೊದಲ ಸಲ. ಎರಡು ವರ್ಷದ ತಪಸ್ಸಿನ ಫಲವನ್ನು ಅವಳಿಗೆ ತೋರಿಸಬೇಕು ಎಂದು ನಾನು ಭಾನುವಾರಕ್ಕೆ ಕಾದೆ. ಅವಳು ಊರಿಂದ ತಂದ ಕಾಯಲ್ಲೇ ಚಟ್ನಿ. ಮೊದಲ ದೋಸೆ ನಿಜಕ್ಕೂ ಚೆನ್ನಾಗಿ ಬಂತು. ತಟ್ಟೆಗೆ ಹಾಕಿ ಎದುರು ಕೂತೆ. ಅಮ್ಮ ಬೇಗ ಬೇಗ ತಿಂದಳು. ಎರಡನೆಯದು ಬರುವಷ್ಟರಲ್ಲಿ ಎದ್ದು ಅಡುಗೆಮನೆಗೆ ಹೋಗಿ, ‘ನೀನ್ ಕೂತ್ಕ ಹೋಗಮ್ಮ, ನಾನ್ ಹುಯ್ತೀನಿ’ ಎಂದು ಸೊಸೆಯ ಕೈಯಿಂದ ಸೌಟು ತೆಗೆದುಕೊಂಡಳು. ಸೊಸೆ ಬಿಡಲಿಲ್ಲ. ಕೊನೆಗೆ ಇಬ್ಬರೂ ಒಲೆಯ ಮುಂದೆ, ನಾನು ಮತ್ತು ಮಗ ಮೇಜಿನ ಮುಂದೆ.

ಎರಡು ದಿನ ಬಿಟ್ಟು, ಆಸ್ಪತ್ರೆಗೆ ಹೋಗಿ ಬರುವಾಗ, ನಾವೆಲ್ಲ ಆ ಮೂಲೆಯ ಹೋಟೆಲಿಗೆ ಹೋದೆವು. ಗಂಜಾಂನವನು ಹಲಗೆಯ ಹಿಂದಿನಿಂದ ಕೈ ಎತ್ತಿದ. ದೋಸೆ ಬಂತು. ತಿಪಟೂರಿನ ದೋಸೆಯಲ್ಲ ಅದು. ಉದ್ದ, ತೆಳು, ಸಾಂಬಾರ್ ಸ್ವಲ್ಪ ಸಿಹಿ. ಅಮ್ಮ ಅಂಚಿನಿಂದ ಚೂರು ಚೂರೇ ಮುರಿದು ತಿನ್ನತೊಡಗಿದಳು. ಅವಸರವಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿಯೂ ತಿನ್ನುತ್ತಿದ್ದಳು, ಇಬ್ಬರೂ ಅದೇನೋ ಮಾತಾಡುತ್ತಾ ನಗುತ್ತಿದ್ದರು. ಕೊನೆಯ ತುಂಡಿನಿಂದ ಅಮ್ಮ ಚಟ್ನಿ ಬಳಿದಳು. ನನಗೆ ತಡೆಯಲಾಗಲಿಲ್ಲ. ‘ಯಾವುದಮ್ಮ ಚೆನ್ನಾಗಿತ್ತು? ಮನೇದಾ, ಇದಾ?’ ಎಂದೆ.

‘ನೀನ್ ಮಾಡಿದ್ದೇನ್ ಕಮ್ಮಿ ಇರ್ಲಿಲ್ಲ ಬಿಡಪ್ಪ’ ಎಂದಳು. ಸ್ವಲ್ಪ ನೀರು ಕುಡಿದು, ‘ಆದ್ರೆ ಅಲ್ಲಿ ಇವಳು ನಿಂತಿದ್ಲಲ್ಲ’ ಎಂದಳು.

ತಿಪಟೂರಿನ ಹೋಟೆಲಿನಲ್ಲಿ ಅಮ್ಮ ಯಾಕೆ ಹಾಗೆ ತಿನ್ನುತ್ತಿದ್ದಳು ಎಂದು ಆಗ ತಿಳಿಯಿತು. ಜೀವಮಾನವೆಲ್ಲ ದೋಸೆ ಹುಯ್ದ ಹೆಂಗಸಿಗೆ ಬಿಸಿ ದೋಸೆ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ನಾನು ಹುಡುಕುತ್ತಿದ್ದ ರುಚಿಯಲ್ಲಿ ಅವಳು ಕೂತಿದ್ದದ್ದೂ ಸೇರಿತ್ತು. ಅದನ್ನು ಬಿಟ್ಟು ನಾನು ಕಡಲೆಬೇಳೆಯ ಅಳತೆ ನೋಡುತ್ತಿದ್ದೆ. ಅವಳನ್ನು ಕೂರಿಸಿದ ಜಾಗದ ತಿಂಡಿಯನ್ನೇ ಮನೆಗೆ ತಂದು, ಇನ್ನೊಬ್ಬಳನ್ನು ನಿಲ್ಲಿಸಿದ್ದೆ.

ಹಾಗಾದರೆ ಮನೆಯಲ್ಲಿ ದೋಸೆಯೇ ಬೇಡವೇ? ಬೇಕು. ಮನೆಯ ದೋಸೆ ಬೇಕು. ಹೋಟೆಲಿನವನ ಕೈಯಲ್ಲಿ ಆಗದ್ದು ನಮ್ಮ ಮನೆಗಳಲ್ಲಿ ಎಷ್ಟಿದೆ. ಹುಳಿ ಬಂದ ಹಿಟ್ಟಿಗೆ ಈರುಳ್ಳಿ ಹಸಿಮೆಣಸಿನಕಾಯಿ ಕಲಸಿ ದಪ್ಪಗೆ ಹುಯ್ದದ್ದು, ರಾಗಿ ಹಿಟ್ಟಿನದ್ದು, ಸೌತೆಕಾಯಿ ತುರಿದು ಹಾಕಿದ್ದು, ರಾತ್ರಿ ಉಳಿದ ಹುಳಿಯ ಜೊತೆ ತಿನ್ನುವ ಮೆತ್ತನೆಯದು. ಹೋಟೆಲಿನವನು ‘ಮನೆ ರುಚಿ’ ಎಂದು ಬೋರ್ಡ್ ಹಾಕಿಕೊಳ್ಳುವುದು ಇವುಗಳ ಆಸೆಯಿಂದಲೇ. ಅದು ನಮ್ಮಲ್ಲಿದ್ದೂ ನಾವು ಅವನ ಬೋರ್ಡ್ ಕದಿಯಲು ಹೊರಟಿದ್ದೇವೆ.

ನನ್ನ ಮನೆಯಲ್ಲಿ ಈಗಿನ ಏರ್ಪಾಡು ಇಷ್ಟು. ಮಸಾಲೆ ದೋಸೆ ಬೇಕೆನಿಸಿದರೆ ಎಲ್ಲರೂ ಚಪ್ಪಲಿ ಹಾಕಿಕೊಂಡು ಮೂಲೆಯವರೆಗೆ ನಡೆಯುವುದು. ಕೇಳಿದಷ್ಟು ಕೊಡುವುದು, ಹುಯ್ದವನಿಗೆ ಬೇರೆಯಾಗಿ ಸ್ವಲ್ಪ ಕೊಡುವುದು, ಚೆನ್ನಾಗಿತ್ತು ಎಂದು ಅವನಿಗೇ ಕೇಳುವಂತೆ ಹೇಳುವುದು. ಮನೆಯಲ್ಲಿ ದೋಸೆಯಾದ ದಿನ, ನೆನೆಹಾಕಿ, ರುಬ್ಬಿ, ಕೊನೆಯವರೆಗೆ ನಿಂತು ಹುಯ್ಯುವವನು ನಾನು. ದೋಸೆಗಳು ಗುಂಡಗಿಲ್ಲ, ಬಣ್ಣವೂ ಅಷ್ಟಕ್ಕಷ್ಟೆ. ಮೊನ್ನೆ ಭಾನುವಾರ ಕೊನೆಯ ದೋಸೆಯನ್ನು ಒಲೆಯ ಪಕ್ಕ ನಿಂತು ತಿನ್ನುತ್ತಿದ್ದೆ, ತಣ್ಣಗಾಗಿತ್ತು, ಪಲ್ಯ ಮುಗಿದಿತ್ತು. ಗ್ರೈಂಡರ್ ಇನ್ನೂ ತೊಳೆಯುವುದಿತ್ತು.